ಮುಸುರೆ ಯಂತ್ರದ ಹೊಟ್ಟೆಯೊಳಗೆ

ಯುಗಾದಿಯ ಮಾರನೆಯ ಬೆಳಗ್ಗೆ. ವಿದ್ಯಾರಣ್ಯಪುರದಲ್ಲಿ ಅಕ್ಕನ ಮನೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಡಿಶ್‌ವಾಷರ್ ಬಾಗಿಲು ತೆರೆದುಕೊಂಡು ನಿಂತಿತ್ತು. ಮೇಲಿನ ಟ್ರೇಯಲ್ಲಿ ಕಾಫಿ ಲೋಟಗಳು, ಕೋಸಂಬರಿಯ ಬಟ್ಟಲುಗಳು. ಕೆಳಗಿನದರಲ್ಲಿ ಒಬ್ಬಟ್ಟಿನ ಸಾರು ಮಾಡಿದ ಪಾತ್ರೆ, ಹೂರಣ ಅಂಟಿಕೊಂಡಿದ್ದ ಬೇಸನ್ನು, ಸೌಟುಗಳ ಗೊಂಚಲು. ಮಷೀನು ರಾತ್ರಿ ಅರ್ಧಕ್ಕೇ ನಿಂತುಬಿಟ್ಟಿತ್ತು. ತಳದಲ್ಲಿ ಬೂದು ಬಣ್ಣದ ನೀರು ಗೇಣುದ್ದಕ್ಕೆ ಹರಡಿ ನಿಂತಿತ್ತು, ಅದರ ಮೇಲೆ ತುಪ್ಪದ ಜಿಡ್ಡು ಹೆಪ್ಪುಗಟ್ಟಿತ್ತು. ಹಳಸಿದ ಬೇಳೆಯ ವಾಸನೆ ನಡುಮನೆಯವರೆಗೂ ಬರುತ್ತಿತ್ತು.

“ಕಂಪನಿಯವರು ಗುರುವಾರ ಬರ್ತಾರಂತೆ ರೀ. ಅಲ್ಲೀವರೆಗೂ ಈ ಮುಸುರೆ ನೀರು ಇಲ್ಲೇ ನಾರ್ತಾ ಇರ್ಬೇಕಾ?” ಅಂದಳು ಅಕ್ಕ.

“ಗುರುವಾರದ ತನಕ ಯಾಕೆ ಕಾಯೋದು? ತೆಗೆದು ನೋಡೋಣ” ಅಂದರು ಭಾವ.

ಭಾವ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಂದಿಗೆ ಶುರುವಾದ ಆ ಕಾರ್ಖಾನೆ ಉತ್ತರ ಬೆಂಗಳೂರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ಅನ್ನದ ಜೊತೆಗೆ ಒಂದು ಅಭ್ಯಾಸವನ್ನೂ ಕೊಟ್ಟಿತು. ಕೆಟ್ಟ ವಸ್ತುವನ್ನು ಕಂಡರೆ ಆ ಮನೆಗಳ ಗಂಡಸರಿಗೆ ಮೊದಲು ನೆನಪಾಗುವುದು ಟೂಲ್ ಬಾಕ್ಸು, ಫೋನು ಆಮೇಲೆ. ಭಾವನ ಪೆಟ್ಟಿಗೆಯಲ್ಲಿ ಸ್ಕ್ರೂಡ್ರೈವರುಗಳು ಅಳತೆಯ ಪ್ರಕಾರ ಮಲಗಿರುತ್ತವೆ. ಇಕ್ಕಳ, ಟಾರ್ಚು, ಮುರಿದ ಹಲ್ಲುಜ್ಜುವ ಬ್ರಷ್ಷು, ಹಳೇ ಬನಿಯನ್ನಿನ ತುಂಡುಗಳು, ಬಿಚ್ಚಿದ ಸ್ಕ್ರೂ ಹಾಕಿಡಲು ಒಂದು ಸ್ಟೀಲ್ ತಟ್ಟೆ.

2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬರುವಂತಿರಲಿಲ್ಲ. ಅಲ್ಲಿಯವರೆಗೆ ನಮ್ಮ ಒಗ್ಗರಣೆ, ಜಿಡ್ಡು, ತಳ ಹಿಡಿದ ಪಾತ್ರೆಗಳಿಗೆ ಇದು ಆಗದು ಎಂದು ದೂರವಿಟ್ಟಿದ್ದ ಮನೆಗಳಿಗೂ ಆಗ ಡಿಶ್‌ವಾಷರ್ ಬಂತು. ಅಕ್ಕನ ಮನೆಗೆ ಬಂದದ್ದೂ ಹಾಗೆಯೇ. ಈಗ ಆ ಯಂತ್ರಗಳ ವಾರಂಟಿ ಮುಗಿದಿದೆ, ರಿಪೇರಿಯ ಕಾಲ ಶುರುವಾಗಿದೆ.

ಪ್ಲಗ್ ಕಿತ್ತು, ನೀರಿನ ನಲ್ಲಿ ತಿರುಗಿಸಿ ಬಂದ್ ಮಾಡಿದ ಮೇಲಷ್ಟೇ ಭಾವ ನೆಲಕ್ಕೆ ಕೂತದ್ದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೈಯಲ್ಲಿರಬೇಕು ಎನ್ನುವುದು ಅವರ ಕಟ್ಟುನಿಟ್ಟು. ನೀರು ಮತ್ತು ಕರೆಂಟು ಒಂದೇ ಪೆಟ್ಟಿಗೆಯೊಳಗೆ ಸಂಸಾರ ಮಾಡುವ ಯಂತ್ರವಿದು. ಆ ಕಟ್ಟುನಿಟ್ಟು ಎಲ್ಲ ಮನೆಗಳಲ್ಲೂ ಇರಬೇಕಾದದ್ದೇ. ಕೆಳಗಿನ ಟ್ರೇಯನ್ನು ಎಳೆದು ಹೊರಗಿಟ್ಟರು. ಲೋಟದಲ್ಲಿ ನೀರು ಮೊಗೆದು ಬಕೆಟ್ಟಿಗೆ ಸುರಿದರು, ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ಹಿಂಡಿದರು. ತಳದ ನಡುವಿನ ದುಂಡನೆಯ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಮೇಲೆತ್ತಿದರು.

ಫಿಲ್ಟರಿನ ಜಾಲರಿ ಮುಚ್ಚಿಹೋಗಿತ್ತು. ಒಬ್ಬಟ್ಟಿನ ಕಡಲೆಬೇಳೆ, ತೆಂಗಿನ ತುರಿ, ಕೊತ್ತಂಬರಿ ದಂಟು, ಯಾವುದೋ ಡಬ್ಬಿಯ ಲೇಬಲ್ಲಿನ ಕಾಗದ ಎಲ್ಲ ಕಲೆತು ಮೇಣದಂತೆ ಅಂಟಿಕೊಂಡಿದ್ದವು. ಅಕ್ಕ ಅದನ್ನು ಸಿಂಕಿಗೆ ಒಯ್ದು ಬಿಸಿನೀರು, ಬ್ರಷ್ಷು ಹಿಡಿದು ಉಜ್ಜತೊಡಗಿದಳು.

ಫಿಲ್ಟರು ಯಾಕಿಷ್ಟು ಮುಖ್ಯ ಎನ್ನುವುದಕ್ಕೆ ಯಂತ್ರದ ಕೆಲಸ ತಿಳಿದಿರಬೇಕು. ಡಿಶ್‌ವಾಷರ್ ಒಂದು ಸುತ್ತಿಗೆ ಬಳಸುವುದು ಸುಮಾರು 10ರಿಂದ 15 ಲೀಟರ್ ನೀರು. ಪ್ರತಿ ಹಂತದಲ್ಲೂ ಮೂರ್ನಾಲ್ಕು ಲೀಟರ್ ತುಂಬಿಕೊಂಡು, ಕಾಯಿಸಿ, ಆ ನೀರನ್ನೇ ಮತ್ತೆ ಮತ್ತೆ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಕೆಳಗಿಳಿದ ನೀರು ಫಿಲ್ಟರಿನ ಮೂಲಕ ಹಾದು ಪಂಪಿಗೆ ಹೋಗಿ ತಿರುಗಿ ಮೇಲೇರಬೇಕು. ಜಾಲರಿ ಕಟ್ಟಿಕೊಂಡರೆ ಕೊಳೆ ನೀರೇ ಸುತ್ತುತ್ತದೆ, ತೊಳೆದ ಲೋಟದ ತಳದಲ್ಲಿ ಸಾಸಿವೆ ಸಿಗುತ್ತದೆ. ಮಷೀನು ಸರಿಯಾಗಿ ತೊಳೆಯುತ್ತಿಲ್ಲ ಎಂಬ ದೂರಿಗೆ ಮೊದಲ ಮದ್ದು ಈ ಫಿಲ್ಟರನ್ನು ತೊಳೆಯುವುದು. ಅದಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ.

ಆದರೆ ಅಂದಿನ ತೊಂದರೆ ಇನ್ನೂ ಕೆಳಗಿತ್ತು. “ಬಾಮ್ಮಾ, ಟಾರ್ಚ್ ಹಿಡಿ” ಅಂದರು ಭಾವ. ಫಿಲ್ಟರ್ ಕೂತಿದ್ದ ಗುಳಿಯ ಒಂದು ಬದಿಗೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಚಮಚದ ಹಿಡಿಯಿಂದ ಮೀಟಿ ತೆಗೆದರು. ಅದರ ಹಿಂದೆ ಡ್ರೈನ್ ಪಂಪಿನ ಪುಟ್ಟ ಚಕ್ರ. ಕೊಳೆ ನೀರನ್ನು ಹೊರಗೆ ತಳ್ಳುವ ಕೆಲಸ ಅದರದು. ನಾನು ಬೆರಳು ಹಾಕಹೋದೆ. “ಬೇಡ, ಬರಿಗೈ ಹಾಕಬೇಡ” ಎಂದು ತಡೆದು ಅವರು ಇಕ್ಕಳ ತೆಗೆದುಕೊಂಡರು. ಮೊದಲು ಬಂದದ್ದು ಕರಿಬೇವಿನ ಕಡ್ಡಿ; ಚಕ್ರದ ಬುಡಕ್ಕೆ ಸುತ್ತಿಕೊಂಡಿತ್ತು. ಆಮೇಲೆ ಅರ್ಧ ಹುಣಸೆ ಬೀಜ. ಕೊನೆಗೆ ಟಾರ್ಚಿನ ಬೆಳಕಿಗೆ ಹೊಳೆಯುತ್ತ ಹೊರಬಂದದ್ದು ಹಸಿರು ಗಾಜಿನ ಬಳೆಯ ಚೂರು. ಹಬ್ಬದ ಪಾತ್ರೆ ಜೋಡಿಸುವಾಗ ಯಾರ ಕೈಯದೋ ಒಡೆದು ಬಿದ್ದಿರಬೇಕು. ಬೆರಳು ಹಾಕಿದ್ದರೆ ರಕ್ತ ಬರುತ್ತಿತ್ತು.

ಚಕ್ರವನ್ನು ಇಕ್ಕಳದ ತುದಿಯಿಂದ ತಿರುಗಿಸಿ ತೋರಿಸಿದರು. ಅದು ಫ್ಯಾನಿನ ಹಾಗೆ ಸಲೀಸಾಗಿ ತಿರುಗಲಿಲ್ಲ. ಒಂದಿಷ್ಟು ತಿರುಗಿ ತಡೆಯಿತು, ಮತ್ತೆ ಒತ್ತಿದಾಗ ಜಾರಿ ಮುಂದಕ್ಕೆ ಹೋಯಿತು. ನನಗೆ ಅದು ಕೆಟ್ಟಿದೆ ಎನ್ನಿಸಿತು. “ಹೀಗೆ ತಡೆದು ತಡೆದು ತಿರುಗಿದರೇ ಸರಿ. ಒಳಗೆ ಅಯಸ್ಕಾಂತ ಇದೆ, ಅದು ಎಳೆದು ಹಿಡಿಯತ್ತೆ. ಪೂರ್ತಿ ಸಿಕ್ಕಿಹಾಕಿಕೊಂಡಿದ್ದರೆ, ಇಲ್ಲಾ ಯಾವ ಹಿಡಿತವೂ ಇಲ್ಲದೆ ಗರಗರ ತಿರುಗಿದರೆ ಮಾತ್ರ ಪಂಪ್ ಹೋಗಿದೆ ಅಂತ” ಎಂದರು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಸರಿಯಿದ್ದ ಪಂಪನ್ನು ಕಿತ್ತೆಸೆದು ಹೊಸದಕ್ಕೆ ದುಡ್ಡು ಕೊಟ್ಟಿದ್ದಾರೋ!

ಪಂಪು ಚೊಕ್ಕಟವಾಗಿದ್ದೂ ನೀರು ಹೊರಹೋಗದಿದ್ದರೆ ಹಿಂದಿನ ಡ್ರೈನ್ ಪೈಪನ್ನು ನೋಡಬೇಕು. ಮಷೀನನ್ನು ಗೋಡೆಗೆ ಒತ್ತಿ ತಳ್ಳಿದಾಗ ಪೈಪು ಮಡಚಿಕೊಂಡಿರುತ್ತದೆ, ಇಲ್ಲವೇ ಸಿಂಕಿನ ಕೆಳಗೆ ಅದು ಸೇರುವ ಕಡೆ ಜಿಡ್ಡು ಕಟ್ಟಿರುತ್ತದೆ. ಬೆಂಗಳೂರಿನ ನೆಲಮಹಡಿಯ ಮನೆಗಳಲ್ಲಿ ಇಲಿ ಕಡಿದಿರುವುದೂ ಉಂಟು.

ಸ್ಪ್ರೇ ತೋಳುಗಳ ಸರದಿ ಬಂತು. ಈ ತೋಳು ತಿರುಗಲು ಮೋಟಾರಿಲ್ಲ. ಓರೆಯಾಗಿ ಕೊರೆದ ತೂತುಗಳಿಂದ ನೀರು ಚಿಮ್ಮುವ ರಭಸಕ್ಕೇ ಅದು ಹಿಮ್ಮುಖವಾಗಿ ತಿರುಗುತ್ತದೆ. ಅಂಥ ನಾಲ್ಕು ತೂತು ಕಟ್ಟಿಕೊಂಡರೆ ತೋಳು ನಿಂತಲ್ಲೇ ನಿಲ್ಲುತ್ತದೆ, ಟ್ರೇಯ ಒಂದು ಮೂಲೆಯ ಪಾತ್ರೆಗಳು ಜಿಡ್ಡಾಗಿಯೇ ಉಳಿಯುತ್ತವೆ. ಭಾವ ತೋಳನ್ನು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಚರಚರ ಸದ್ದು. ಊದುಬತ್ತಿಯ ಕಡ್ಡಿ ತಂದು ಒಂದೊಂದೇ ತೂತಿಗೆ ಚುಚ್ಚಿ ನಲ್ಲಿಯ ಕೆಳಗೆ ಹಿಡಿದಾಗ ಸಾಸಿವೆ, ಜೀರಿಗೆ, ಸುಣ್ಣದ ಬಿಳಿ ಹೊಪ್ಪಳೆಗಳು ತೊಟ್ಟಿಕ್ಕಿದವು.

ಆ ಬಿಳಿ ಹೊಪ್ಪಳೆ ಬೋರ್‌ವೆಲ್ ನೀರಿನದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕಾವೇರಿ ಸಿಗುವ ಬಡಾವಣೆಗೂ ಕೊಳವೆಬಾವಿ, ಟ್ಯಾಂಕರನ್ನು ನೆಚ್ಚಿದ ಬಡಾವಣೆಗೂ ಡಿಶ್‌ವಾಷರಿನ ಆಯಸ್ಸಿನಲ್ಲಿ ವ್ಯತ್ಯಾಸ ಬರುವುದು ಇಲ್ಲಿಯೇ. ಇದಕ್ಕೆಂದೇ ಯಂತ್ರದ ತಳದಲ್ಲಿ ಉಪ್ಪು ಹಾಕುವ ಡಬ್ಬಿ ಇದೆ. ಒಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ಸಜ್ಜುಮಾಡುತ್ತದೆ. ಇದಕ್ಕೆ ಅಡುಗೆಯ ಪುಡಿ ಉಪ್ಪು ಸಲ್ಲದು. ಗಂಟು ಕಟ್ಟದಿರಲೆಂದು ಅದಕ್ಕೆ ಬೆರೆಸಿದ ವಸ್ತುಗಳು ಡಬ್ಬಿಯ ದಾರಿಯನ್ನು ಕಟ್ಟುತ್ತವೆ. ಡಿಶ್‌ವಾಷರಿಗೆಂದೇ ಮಾರುವ ಹರಳುಪ್ಪೇ ಬೇಕು. ತುಂಬುವಾಗ ಚೆಲ್ಲಿದ ಉಪ್ಪು ಸ್ಟೀಲನ್ನು ತಿನ್ನುತ್ತದೆ, ಹಾಗಾಗಿ ತುಂಬಿದ ಕೂಡಲೇ ಒಂದು ಸುತ್ತು ಓಡಿಸಿಬಿಡಬೇಕು.

ಅಕ್ಕ ಗಾಜಿನ ಲೋಟವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಾಜು ಮಂಜು ಕವಿದಂತಿತ್ತು. ಭಾವ ನಿಂಬೆ ಹೋಳಿನಿಂದ ಉಜ್ಜಲು ಹೇಳಿದರು. ಉಜ್ಜಿದ ಕಡೆ ಮಬ್ಬು ಹೋಯಿತು. ಹಾಗಾದರೆ ಅದು ಗಡಸು ನೀರಿನ ಪೊರೆ. ಉಪ್ಪಿನ ಮಟ್ಟ ಹೆಚ್ಚಿಸಿ, ಖಾಲಿ ಮಷೀನಿನಲ್ಲಿ ನಿಂಬೆಉಪ್ಪು ಹಾಕಿ ಬಿಸಿ ಸುತ್ತು ಓಡಿಸಿದರೆ ಒಳಗಿನದೂ ಕರಗುತ್ತದೆ. ಉಜ್ಜಿದರೂ ಹೋಗದಿದ್ದರೆ ಗಾಜೇ ಸವೆದಿದೆ ಎಂದು ತಿಳಿಯಬೇಕು. ಅದಕ್ಕೆ ಮದ್ದಿಲ್ಲ.

ನೀರೇ ಒಳಗೆ ಬರುತ್ತಿಲ್ಲ ಎನ್ನುವ ದೂರಿಗೂ ಮನೆಯಲ್ಲೇ ಉತ್ತರವಿದೆ. ನಲ್ಲಿಯಿಂದ ಬರುವ ಪೈಪಿನ ತುದಿಯಲ್ಲಿ ಉಗುರಗಲದ ಜಾಲರಿ ಇರುತ್ತದೆ. ಟ್ಯಾಂಕರ್ ನೀರಿನ ಮರಳು ಅಲ್ಲಿ ಕೂರುತ್ತದೆ, ತೆಗೆದು ತೊಳೆದರಾಯಿತು. ಇನ್ನೊಂದು ಕಾರಣ ಒತ್ತಡ. ನೀರಿನ ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು ಒಂದು ಬಾರ್. ಕೊನೆಯ ಮಹಡಿಯ ಮನೆಗೆ ಟ್ಯಾಂಕು ನೆತ್ತಿಯ ಮೇಲೇ ಇರುವುದರಿಂದ ಒತ್ತಡ ಸಾಲದೆ ಮಷೀನು ಕಾದು ಕಾದು ನಿಲ್ಲುತ್ತದೆ. ಅದು ಮಷೀನಿನ ತಪ್ಪಲ್ಲ.

ಇಂದಿನ ಬಗೆಯ ಪಾತ್ರೆ ತೊಳೆಯುವ ಯಂತ್ರವೇ ಮನೆಯ ಹಿತ್ತಲಲ್ಲಿ ಹುಟ್ಟಿದ್ದು. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಊರಿನ ಜೋಸೆಫಿನ್ ಕಾಕ್ರೇನ್ ಗಂಡ ಸತ್ತು ಸಾಲ ತಲೆಯ ಮೇಲಿದ್ದಾಗ, ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬ ಮೆಕ್ಯಾನಿಕ್ಕಿನ ನೆರವಿನಿಂದ ಅದನ್ನು ಕಟ್ಟಿದಳು. ತಟ್ಟೆ, ಬಟ್ಟಲುಗಳ ಅಳತೆ ತೆಗೆದು ತಂತಿಯ ಗೂಡುಗಳನ್ನು ಮಾಡಿದಳು. ಉಜ್ಜುವ ಬದಲು ನೀರಿನ ರಭಸದಿಂದ ತೊಳೆಯುವ ದಾರಿ ಹಿಡಿದಳು. 1886ರಲ್ಲಿ ಪೇಟೆಂಟ್ ಸಿಕ್ಕಿತು, 1893ರ ಷಿಕಾಗೋ ವಿಶ್ವಮೇಳದಲ್ಲಿ ಯಂತ್ರ ಜನರ ಕಣ್ಣಿಗೆ ಬಿತ್ತು. ಅಕ್ಕನ ಯುಟಿಲಿಟಿಯಲ್ಲಿ ನಿಂತಿರುವುದರ ತತ್ತ್ವವೂ ಅದೇ: ಗೂಡು, ಬಿಸಿನೀರು, ರಭಸ. ಸಂಸಾರ ನಡೆಸುವ ಹೆಂಗಸೊಬ್ಬಳು ಶೆಡ್ಡಿನಲ್ಲಿ ಕೂತು ಕಟ್ಟಿದ್ದನ್ನು ಸಂಸಾರ ನಡೆಸುವವರು ಬಿಚ್ಚಿ ನೋಡಲು ಹೆದರಬೇಕಾಗಿಲ್ಲ.

ಆದರೆ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿರಬೇಕು. ಫಿಲ್ಟರು, ತೋಳು, ಪಂಪಿನ ಬಾಯಿ, ಪೈಪು, ಬಾಗಿಲ ಸುತ್ತಲಿನ ರಬ್ಬರು: ಇಷ್ಟು ನಮ್ಮ ಕೈಯದು. ಪಕ್ಕದ ತಗಡು ಬಿಚ್ಚಿದರೆ ಸಿಗುವ ಹೀಟರು, ಸರ್ಕ್ಯೂಟ್ ಬೋರ್ಡು, ವೈರುಗಳು ಬಲ್ಲವರ ಕೈಯದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ತಳದ ತಟ್ಟೆಯಲ್ಲಿ ನೀರು ಸೋರಿ ನಿಂತರೆ ಅಲ್ಲಿನ ತೇಲುವ ಬೆಂಡು ಮೇಲೆದ್ದು ಸ್ವಿಚ್ಚನ್ನು ಒತ್ತುತ್ತದೆ, ಮಷೀನು ನೀರು ತುಂಬುವುದನ್ನೇ ನಿಲ್ಲಿಸುತ್ತದೆ. ಮಷೀನನ್ನು ಓರೆ ಮಾಡಿ ಆ ನೀರು ಚೆಲ್ಲಿ ಮತ್ತೆ ಓಡಿಸುವವರಿದ್ದಾರೆ. ಸೋರಿದ್ದೆಲ್ಲಿ ಎಂದು ಕಂಡುಹಿಡಿಯದೆ ಹಾಗೆ ಮಾಡುವುದು ಅಪಾಯ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಉಕ್ಕಿ ತಳ ಸೇರಿದ್ದರೂ ಬೆಂಡು ಮೇಲೆದ್ದು ಮಷೀನು ಹೀಗೇ ನಿಲ್ಲುತ್ತದೆ.

ಫಿಲ್ಟರು ಕೂರಿಸಿ, ತೋಳು ಸಿಕ್ಕಿಸಿ, ಖಾಲಿ ಮಷೀನನ್ನು ಚಾಲೂ ಮಾಡಿದಾಗ ಮೊದಲು ನೀರು ಹೊರಹೋಗುವ ಗುರ್ರ್ ಸದ್ದು ಕೇಳಿತು. ಸಿಂಕಿನ ಪೈಪಿನಲ್ಲಿ ನೀರು ಓಡಿತು. “ಗುರುವಾರ ಬರಬೇಡಿ ಅಂತ ಹೇಳ್ಬಿಡು” ಅಂದರು ಭಾವ, ಸ್ಕ್ರೂಡ್ರೈವರನ್ನು ಒರೆಸುತ್ತ. ಅಕ್ಕ ಫೋನು ತೆಗೆದುಕೊಂಡಳು.

ಟೂಲ್‌ರೂಮಿನ ಕೈ ಎಲ್ಲರ ಮನೆಯಲ್ಲಿ ಇರುವುದಿಲ್ಲ ನಿಜ. ಆದರೆ ಆ ಕೈಗೂ ತಡೆಯಾಗುವುದು ಬಿಡಿಭಾಗ. ಅಂಗೈಯಗಲದ ರಬ್ಬರು ಹರಿದರೆ ಅದೊಂದನ್ನೇ ಕೊಡದೆ ಇಡೀ ಜೋಡಣೆಯನ್ನೇ ಕೊಳ್ಳಿ ಎನ್ನುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮದಂತೆ, ಡಿಶ್‌ವಾಷರಿನ ಬಾಗಿಲ ರಬ್ಬರು, ಸ್ಪ್ರೇ ತೋಳು, ಫಿಲ್ಟರು, ಟ್ರೇಗಳನ್ನು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ 10 ವರ್ಷ ಬಳಕೆದಾರರಿಗೇ ಮಾರಬೇಕು. ಮೋಟಾರು, ಪಂಪು, ಹೀಟರುಗಳನ್ನು ರಿಪೇರಿ ಮಾಡುವವರಿಗೆ 7 ವರ್ಷ ಒದಗಿಸಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಗೃಹಬಳಕೆಯ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ಲಿಗಿಂತ ನಮಗೆ ಬೇಕಾದದ್ದು ಯುರೋಪಿನಂಥ ಕಟ್ಟಳೆ, ಜೊತೆಗೆ ಕನ್ನಡದಲ್ಲಿ ಅಚ್ಚಾದ ಕೈಪಿಡಿ.

ಅಲ್ಲಿಯವರೆಗೆ ಹೊಸ ಡಿಶ್‌ವಾಷರ್ ಕೊಳ್ಳಲು ಹೋಗುವವರು ಎಷ್ಟು ಪಾತ್ರೆ ಹಿಡಿಸುತ್ತದೆ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಡ್ರೈನ್ ಪಂಪು, ಬಾಗಿಲ ರಬ್ಬರು, ಫಿಲ್ಟರು ಬಿಡಿಯಾಗಿ ಸಿಗುತ್ತವೆಯೇ, ಎಷ್ಟಕ್ಕೆ? ಉತ್ತರ ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ.