ಗಿಡ ತರುವ ಮೊದಲು ಅಂಗಳದ ಬಿಸಿಲು ನೋಡೋಣ



ಮೊದಲ ಮಳೆ ಬಿದ್ದ ಕೂಡಲೇ ನಮ್ಮ ನಾಟ್ರಾಂಪಾಳ್ಯ, ಅಂಚೆಟ್ಟಿ ಕಡೆಯವರು ಹೊಸೂರಿನ ನರ್ಸರಿಗಳಿಗೆ ಹೋಗಿ, ಬಸ್ಸಿನಲ್ಲಿ ಕಾಲಬುಡದಲ್ಲಿಟ್ಟುಕೊಂಡು ಸಸಿ ತರುವುದು ವಾಡಿಕೆ. ಆಮೇಲೆ ಸಂಘದ ಸಭೆಗೆ ಬಂದವರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳೂ ಪ್ರತಿವರ್ಷ ಒಂದೇ ತೆರ. ಮಲ್ಲಿಗೆ ಸೊಂಪಾಗಿ ಬೆಳೆದಿದೆ, ಆದರೆ ಮೊಗ್ಗೇ ಇಲ್ಲ. ಬ್ರಹ್ಮಕಮಲದ ಎಲೆ ಹಳದಿಯಾಗಿ ಸುಟ್ಟಂತಾಗಿದೆ. ಮೆಣಸಿನ ಗಿಡ ಕಡ್ಡಿಯ ಹಾಗೆ ಉದ್ದವಾಗಿ ಬಾಗಿಕೊಂಡಿದೆ. ಇದಕ್ಕೆ ಯಾವ ಗೊಬ್ಬರ ಹಾಕಬೇಕು?

ಈ ಮೂರಕ್ಕೂ ಗೊಬ್ಬರ ಮದ್ದಲ್ಲ. ಮಲ್ಲಿಗೆ ಮತ್ತು ಮೆಣಸು ನೆರಳಿನಲ್ಲಿವೆ, ಬ್ರಹ್ಮಕಮಲ ಬಿಸಿಲಿನಲ್ಲಿದೆ. ಜಾಗ ಬದಲಿಸಿದರೆ ಮುಗಿಯುವ ಕೆಲಸ. ಆದ್ದರಿಂದ ಈ ಸಂಚಿಕೆಯಲ್ಲಿ, ಯಾವ ಜಾಗಕ್ಕೆ ಯಾವ ಗಿಡ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಇದು ಬರೀ ಅಂದಚಂದದ ಮಾತಲ್ಲ, ನೀರಿನ ಮಾತು. ಒಂದು ಗಿಡಕ್ಕೆ ದಿನಕ್ಕೆ ಎರಡು ಚೊಂಬು ಎಂದರೂ ಬೇಸಿಗೆಯ 90 ದಿನಕ್ಕೆ 180 ಚೊಂಬು ನೀರಾಯಿತು. ಕೊಳವೆಬಾವಿ ಇಳಿದು, ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ತಿಂಗಳುಗಳಲ್ಲಿ ಹೊತ್ತ ನೀರು ಅದು. ತಪ್ಪು ಜಾಗದಲ್ಲಿ ನೆಟ್ಟ ಗಿಡ ಆ ನೀರನ್ನೆಲ್ಲ ಕುಡಿದು, ಯುಗಾದಿ ಕಳೆದ ಮೇಲೆ ಒಣಗಿದರೆ, ನಷ್ಟ ಸಸಿಯ ಬೆಲೆ ಮಾತ್ರವಲ್ಲ.

ನಮ್ಮ ಸೂರ್ಯ ಉತ್ತರಕ್ಕೂ ಹೋಗುತ್ತಾನೆ

ತೋಟಗಾರಿಕೆಯ ಎಷ್ಟೋ ಪುಸ್ತಕಗಳಲ್ಲಿ "ಮನೆಯ ಉತ್ತರ ಭಾಗ ಸದಾ ನೆರಳು, ದಕ್ಷಿಣ ಭಾಗ ಸದಾ ಬಿಸಿಲು" ಎಂಬ ಸೂತ್ರವಿರುತ್ತದೆ. ಇಂಗ್ಲೆಂಡಿನಂಥ ದೇಶಕ್ಕೆ ಅದು ಸರಿ. ಅಲ್ಲಿ ವರ್ಷದ ಯಾವ ದಿನವೂ ಮಧ್ಯಾಹ್ನದ ಸೂರ್ಯ ದಕ್ಷಿಣ ಬಿಟ್ಟು ಕದಲುವುದಿಲ್ಲ. ನಾವಿರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಆ ಸೂತ್ರ ನಡೆಯದು.

ಏಪ್ರಿಲ್ 23ರ ಆಸುಪಾಸಿನಲ್ಲಿ ನಾಟ್ರಾಂಪಾಳ್ಯದ ನಡುನೆತ್ತಿಗೆ ಸೂರ್ಯ ಬರುತ್ತಾನೆ. ಅಂದು ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನಮ್ಮಲ್ಲಿ ನಿಜವಾದ ನಡುಹಗಲು ಗಡಿಯಾರದ 12ಕ್ಕಲ್ಲ, ಹೆಚ್ಚುಕಡಿಮೆ 12 ಗಂಟೆ 20 ನಿಮಿಷಕ್ಕೆ. ಅಲ್ಲಿಂದ ಆಗಸ್ಟ್ 20ರ ಆಸುಪಾಸಿನವರೆಗೆ, ಸುಮಾರು ನಾಲ್ಕು ತಿಂಗಳು, ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ತಾಳವಾಡಿ, ಕಾಸರಗೋಡು, ಮಡಕಶಿರಾ ಕಡೆಯ ಸದಸ್ಯರಿಗೆ ಈ ದಿನಾಂಕ ಕೆಲವು ದಿನ ಆಚೀಚೆಯಾದೀತು. ಅಕ್ಕಲಕೋಟೆ, ಜತ್ತದ ಕಡೆಯವರಿಗೆ ಮೇ ತಿಂಗಳ ಎರಡನೆಯ ವಾರವಾಗುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ, 20 ಅಡಿ ಎತ್ತರದ ಮನೆಯ ನೆರಳು ಡಿಸೆಂಬರ್ 22ರ ನಡುಹಗಲಿಗೆ ಉತ್ತರದ ಕಡೆ ಸುಮಾರು 14 ಅಡಿ ಚಾಚುತ್ತದೆ. ಅದೇ ಮನೆಯ ನೆರಳು ಜೂನ್ 21ರ ನಡುಹಗಲಿಗೆ ದಕ್ಷಿಣದ ಕಡೆ ಬರೀ 4 ಅಡಿ. ಸೆಪ್ಟೆಂಬರ್ 23ರಿಂದ ಮಾರ್ಚ್ 21ರವರೆಗೆ ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಮಾರ್ಚ್ ಕಳೆದ ಮೇಲೆ ಬೆಳಿಗ್ಗೆ ಸಂಜೆ ಬೀಳಲು ತೊಡಗಿ, ಏಪ್ರಿಲ್ ಕೊನೆಯಿಂದ ಮಧ್ಯಾಹ್ನವೂ ಬೀಳುತ್ತದೆ.

ಇದರಿಂದ ಆಗುವ ಎಡವಟ್ಟು ನೋಡಿ. ಕಾರ್ತಿಕದಲ್ಲಿ ಮನೆಯ ಉತ್ತರಕ್ಕೆ ತಂಪಾದ ಮೂಲೆ ಕಂಡು ನೆರಳಿನ ಗಿಡ ನೆಡುತ್ತೇವೆ. ಆರು ತಿಂಗಳು ಚೆನ್ನಾಗಿರುತ್ತದೆ. ಮೇ ತಿಂಗಳಲ್ಲಿ, ಬಿಸಿಲು ಅತಿ ಕಠಿಣವಾದಾಗಲೇ, ಆ ಮೂಲೆಗೆ ನೇರ ಬಿಸಿಲು ಬಂದು ಗಿಡ ಸುಟ್ಟುಹೋಗುತ್ತದೆ. ಗಿಡದ ಮೇಲೆ ಕಣ್ಣು ಬಿತ್ತು ಎನ್ನುತ್ತೇವೆ. ಬಿದ್ದದ್ದು ಬಿಸಿಲು.

ಇನ್ನೊಂದು ಮಾತು. ಬೆಳಗಿನ ಮೂರು ಗಂಟೆ ಬಿಸಿಲೂ ಸಂಜೆಯ ಮೂರು ಗಂಟೆ ಬಿಸಿಲೂ ಒಂದೇ ಅಲ್ಲ. ಬೆಳಿಗ್ಗೆ ಗಾಳಿ ತಂಪು, ನೆಲದಲ್ಲಿ ಪಸೆ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಗಾಳಿ, ನೆಲ, ಸಿಮೆಂಟಿನ ಗೋಡೆ ಎಲ್ಲವೂ ಕಾದಿರುತ್ತವೆ. ಪಡುವಣ ಗೋಡೆ ಹೊತ್ತು ಮುಳುಗಿದ ಮೇಲೂ ಕಾವು ಉಗುಳುತ್ತದೆ. ಆದ್ದರಿಂದ ಮೂಡಣದ ಅರೆ ನೆರಳಿನಲ್ಲಿ ಬದುಕುವ ಗಿಡ ಪಡುವಣದ ಅರೆ ನೆರಳಿನಲ್ಲಿ ಬದುಕದೆ ಹೋಗಬಹುದು.

ಹೊಸೂರಿನ ಹವೆ ಬೇರೆ, ನಮ್ಮದು ಬೇರೆ

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತಳಿ ಅದಕ್ಕಿಂತ ತುಸು ಮೇಲೆ. ಕೃಷ್ಣಗಿರಿ ಪಟ್ಟಣ ಸುಮಾರು 500 ಮೀಟರ್. ಹೊಗೇನಕಲ್ಲಿನ ಕಾವೇರಿ ದಂಡೆ ಇನ್ನೂ ಬಹಳ ತಗ್ಗು. ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಇಳಿಯುವ ಹಾದಿಯಲ್ಲಿರುವ ನಾಟ್ರಾಂಪಾಳ್ಯಕ್ಕೆ ಹೊಸೂರಿನ ತಂಪಿಲ್ಲ. ಸಾಮಾನ್ಯವಾಗಿ 1000 ಮೀಟರ್ ಇಳಿದರೆ ಆರು ಡಿಗ್ರಿಯಷ್ಟು ಬಿಸಿ ಏರುತ್ತದೆ. ಹೊಸೂರಿಗೂ ಕೃಷ್ಣಗಿರಿಗೂ ಎರಡೂವರೆ ಡಿಗ್ರಿ ಅಂತರ ಎಂದಾಯಿತು. ಹೊಸೂರಿನ ನೆಂಟರ ಮನೆಯಲ್ಲಿ ಇಡೀ ದಿನದ ಬಿಸಿಲಿನಲ್ಲಿ ನಗುವ ಗುಲಾಬಿಗೆ ಇಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಮರೆ ಬೇಕಾಗುವುದು ಇದಕ್ಕೇ.

ಹೊಸೂರಿನ ಸುತ್ತ ಗುಲಾಬಿ ಬೆಳೆಯುವುದು ಬಹುಪಾಲು ಪಾಲಿಹೌಸುಗಳಲ್ಲಿ. ಫೆಬ್ರವರಿ 14ರ ಹೊತ್ತಿಗೆ ಹೊರದೇಶಕ್ಕೆ ಹೋಗುವ ಹೂಗಳು ಅಲ್ಲಿನವು. ನರ್ಸರಿಯ ಸಸಿಗಳನ್ನೂ ಹೆಚ್ಚಾಗಿ ಹಸಿರು ಬಲೆಯ ಕೆಳಗೆ ಇಟ್ಟಿರುತ್ತಾರೆ. 50 ಶೇಕಡಾ ಬಲೆ ಎಂದರೆ ಅರ್ಧ ಬೆಳಕನ್ನು ತಡೆಯುವ ಬಲೆ. ನೆರಳಿನಲ್ಲಿ ಮೂಡಿದ ಎಲೆ ಅಗಲ, ತೆಳು. ಬಿಸಿಲಿನಲ್ಲಿ ಮೂಡಿದ ಎಲೆ ಚಿಕ್ಕದು, ದಪ್ಪ. ಬಲೆಯ ಕೆಳಗಿನ ತೆಳು ಎಲೆಯ ಗಿಡವನ್ನು ತಂದ ದಿನವೇ ಬಿಸಿಲಿಗೆ ನೆಟ್ಟರೆ ಅದು ತಡೆಯದು. ಮೊದಲ ಮೂರು ದಿನ ಜಗುಲಿಯ ಅಂಚಿನಲ್ಲಿಡಿ. ಆಮೇಲೆ ದಿನಕ್ಕೆ ಒಂದೊಂದು ಗಂಟೆಯಂತೆ ಬೆಳಗಿನ ಬಿಸಿಲು ತೋರಿಸಿ. ಹತ್ತು ದಿನ ಕಳೆದ ಮೇಲೆ ಸಂಜೆಯ ಹೊತ್ತು ನೆಡಿ.

ಬಿಸಿಲಿನ ಲೆಕ್ಕದ ಹಾಳೆ

ಕಚೇರಿಯಲ್ಲಿ ಗೀಟು ಹಾಕಿದ ರಿಜಿಸ್ಟರಿನೊಂದಿಗೆ ಬಾಳು ಸವೆಸಿದವರು ನಾವು. ನಮಗೆ ತಿಳಿದ ಉಪಾಯವೂ ಅದೇ. ಒಂದು ಹಾಳೆಯಲ್ಲಿ ಮನೆ, ಕಾಂಪೌಂಡು, ಬಾವಿ, ಮರಗಳ ನಕ್ಷೆ ಬರೆಯಿರಿ. ಗಿಡ ನೆಡಬೇಕೆಂದಿರುವ ಜಾಗಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡಿ. ಬೆಳಿಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ಪ್ರತಿ ಜಾಗದಲ್ಲಿ ಬಿಸಿಲಿದ್ದರೆ "ಬಿ", ಎಲೆಗಳ ನಡುವೆ ಸೋಸಿ ಬಂದರೆ "ಸೋ", ನೆರಳಿದ್ದರೆ "ನೆ" ಎಂದು ಗುರುತು ಹಾಕಿ. ಒಂದೊಂದು "ಬಿ" ಸುಮಾರು ಎರಡು ಗಂಟೆ ಬಿಸಿಲಿಗೆ ಸಮ.

ಈ ಹಾಳೆಯನ್ನು ವರ್ಷಕ್ಕೆ ನಾಲ್ಕು ಸಲ ತುಂಬಬೇಕು: ಸಂಕ್ರಾಂತಿಗೆ, ಯುಗಾದಿಗೆ, ಜೂನ್ ಮೂರನೆಯ ವಾರದಲ್ಲಿ, ನವರಾತ್ರಿಗೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ತಪ್ಪದೆ ಮಾಡುತ್ತಾರೆ. ವರ್ಷ ಕಾಯಲಾಗದವರು ಮೇಲೆ ಹೇಳಿದ ನೆರಳಿನ ಅಳತೆಯಿಂದ ಉಳಿದ ತಿಂಗಳುಗಳನ್ನು ಊಹಿಸಬಹುದು.

ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ನೇರ ಬಿಸಿಲು ಬಿದ್ದರೆ ಪೂರ್ಣ ಬಿಸಿಲಿನ ಜಾಗ. ಮೂರರಿಂದ ಆರು ಗಂಟೆಯಾದರೆ ಅರೆ ನೆರಳು. ಮೂರಕ್ಕಿಂತ ಕಡಿಮೆಯಾದರೆ ನೆರಳು.

ಯಾವ ಜಾಗಕ್ಕೆ ಯಾವುದು

ಪೂರ್ಣ ಬಿಸಿಲಿಗೆ: ಮಲ್ಲಿಗೆ, ಚೆಂಡುಹೂವು, ದಾಸವಾಳ, ಕಾಗದದ ಹೂ, ತುಳಸಿ, ಕರಿಬೇವು. ತರಕಾರಿಯಲ್ಲಿ ಬದನೆ, ಬೆಂಡೆ, ಟೊಮೇಟೊ, ಮೆಣಸಿನಕಾಯಿ, ಹೀರೆ, ಸೋರೆ, ಕುಂಬಳ. ಹೂವೋ ಕಾಯೋ ಬೇಕೆಂದರೆ ಬಿಸಿಲು ಬೇಕೇ ಬೇಕು ಎಂದು ನೆನಪಿಟ್ಟರೆ ಸಾಕು.

ಅರೆ ನೆರಳಿಗೆ: ಕನಕಾಂಬರ, ಸ್ಫಟಿಕದ ಹೂ, ನಂದಿಬಟ್ಟಲು, ಪಾರಿಜಾತ, ದೊಡ್ಡಪತ್ರೆ, ಬಸಳೆ, ಅರಿಶಿನ, ಶುಂಠಿ. ಕನಕಾಂಬರವನ್ನು ಹೊಲದಲ್ಲಿ ಬಯಲಲ್ಲೇ ಬೆಳೆಯುತ್ತಾರೆ ನಿಜ, ಅಲ್ಲಿ ನೀರಿನ ಸೌಕರ್ಯವಿರುತ್ತದೆ. ಕೊಡದ ನೀರಿನ ಮನೆಗೆ ಮೂಡಣದ ಅರೆ ನೆರಳೇ ಲೇಸು. ಕೊತ್ತಂಬರಿಯನ್ನು ಚಳಿಗಾಲದಲ್ಲಿ ಬಿಸಿಲಿನಲ್ಲಿ ಬಿತ್ತಿ. ಬೇಸಿಗೆಯಲ್ಲಾದರೆ ಅರೆ ನೆರಳಿನಲ್ಲಿ ಬಿತ್ತಿ, ಇಲ್ಲದಿದ್ದರೆ ಸೊಪ್ಪು ಬಲಿಯುವ ಮೊದಲೇ ಹೂವಿಗೆ ಬರುತ್ತದೆ.

ನೆರಳಿಗೆ: ವೀಳ್ಯದೆಲೆ ಬಳ್ಳಿ, ಬ್ರಹ್ಮಕಮಲ, ಜರಿಗಿಡ, ಮನಿಪ್ಲಾಂಟ್, ಹಾವಿನ ಪೊರೆಯಂತೆ ಪಟ್ಟೆಯಿರುವ ಸ್ನೇಕ್ ಪ್ಲಾಂಟ್. ನೆರಳಿನ ಗಿಡವೆಂದರೆ ಕತ್ತಲೆಯ ಗಿಡವಲ್ಲ. ಹಗಲು ದೀಪವಿಲ್ಲದೆ ಪತ್ರಿಕೆ ಓದುವಷ್ಟು ಬೆಳಕಾದರೂ ಅಲ್ಲಿರಬೇಕು. ನೆರಳಿನಲ್ಲಿ ಮಣ್ಣು ಬೇಗ ಆರುವುದಿಲ್ಲ. ಅಲ್ಲಿ ಗಿಡ ಸಾಯುವುದು ಹೆಚ್ಚಾಗಿ ನೀರು ಹೆಚ್ಚಾಗಿಯೇ. ಬೆರಳು ಇಟ್ಟು ನೋಡಿ ನೀರು ಹಾಕಿ.

ಸೇವಂತಿಗೆಯದೊಂದು ವಿಶೇಷ. ಅದಕ್ಕೆ ಹಗಲು ಬಿಸಿಲೂ ಬೇಕು, ರಾತ್ರಿ ಕತ್ತಲೆಯೂ ಬೇಕು. ರಾತ್ರಿಗಳು ಉದ್ದವಾದಾಗಲೇ ಅದು ಮೊಗ್ಗು ಕಟ್ಟುವುದು. ಬೆಂಗಳೂರಿನ ಸುತ್ತಿನ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲುಬಲ್ಬು ಉರಿಸುವುದು ಹೂವನ್ನು ಮುಂದೂಡಿ ಗಿಡವನ್ನು ಬೆಳೆಸಿಕೊಳ್ಳಲು. ನಿಮ್ಮ ಸೇವಂತಿಗೆ ಬೀದಿದೀಪದ ಕೆಳಗಿದ್ದು ಹೂ ಬಿಡದಿದ್ದರೆ ಕಾರಣ ಅದೇ. ಕುಂಡವನ್ನು ಮನೆಯ ಮರೆಗೆ ಸರಿಸಿ.

ಮರದ ನೆರಳು

ಅಂಗಳದಲ್ಲಿ ಒಂದೇ ಮರಕ್ಕೆ ಜಾಗವಿದ್ದರೆ ಅದನ್ನು ಪಡುವಣಕ್ಕೆ ನೆಡಿ. ಸಂಜೆಯ ಬಿಸಿಲನ್ನು ತಡೆದು ಮನೆಯನ್ನೂ ಗಿಡಗಳನ್ನೂ ಕಾಯುತ್ತದೆ. ಕನ್ನಡ ಶಾಲೆಗಳ ಅಂಗಳದಲ್ಲಿ ಸಸಿ ನೆಡುವವರೂ ಇದನ್ನು ಗಮನಿಸಬೇಕು: ಮಕ್ಕಳು ಮಧ್ಯಾಹ್ನದ ಮೇಲೆ ಕೂರುವ ಕೊಠಡಿಯ ಪಡುವಣಕ್ಕೆ ಹೊಂಗೆಯೋ ಬೇವೋ ಇದ್ದರೆ ಹತ್ತು ವರ್ಷದಲ್ಲಿ ಆ ಕೊಠಡಿಯೇ ಬೇರೆಯಾಗುತ್ತದೆ.

ಮಾವಿನ ನೆರಳು ವರ್ಷವಿಡೀ ದಟ್ಟ. ಅದರ ಕೆಳಗೆ ನೆರಳಿನ ಗಿಡ ಮಾತ್ರ. ನುಗ್ಗೆಯ ನೆರಳು ಜಾಳು, ಅದರಡಿ ಅರೆ ನೆರಳಿನವೆಲ್ಲ ಬರುತ್ತವೆ. ಮರ ಬೆಳೆಯುವವರೆಗೆ ಅವರೆ, ಹೀರೆಯ ಚಪ್ಪರ ಹಾಕಿದರೆ ಒಂದೇ ಹಂಗಾಮಿನಲ್ಲಿ ನೆರಳೂ ಆಯಿತು, ಸಾರಿಗೂ ಆಯಿತು.

ಕಾಡಂಚಿನ ಮನೆಯವರಿಗೆ ಒಂದು ಎಚ್ಚರಿಕೆ. ನೆರಳು ಬೇಗ ಸಿಗಲೆಂದು ಬಾಳೆ, ಹಲಸು ನೆಡಬೇಡಿ. ಹಣ್ಣಿನ ವಾಸನೆಗೆ ಆನೆ ಬರುತ್ತದೆ. ಕಾವೇರಿ ಕಾಡಿನ ಮಗ್ಗುಲಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಂಗೆ, ಬೇವು ನಿಧಾನವಾದರೂ ನೆಮ್ಮದಿ.

ಹೆಸರಿನ ವಿಚಾರ

ಗಡಿಯಾಚೆ ಈಚೆ ಹೆಸರು ಬೇರೆಯಾಗಿ ಬೇರೆ ಗಿಡ ತಂದವರಿದ್ದಾರೆ. ಹೊಸೂರು, ಕೃಷ್ಣಗಿರಿ ನರ್ಸರಿಗಳಲ್ಲಿ ಕೇಳುವಾಗ ಹೊಂಗೆಗೆ ಪುಂಗೈ, ದಾಸವಾಳಕ್ಕೆ ಸೆಂಬರುತ್ತಿ, ದೊಡ್ಡಪತ್ರೆಗೆ ಕರ್ಪೂರವಳ್ಳಿ, ನುಗ್ಗೆಗೆ ಮುರುಂಗೈ ಎನ್ನಿ. ಕೊಳ್ಳಲು ಆ ಹೆಸರು ಬೇಕು. ಮನೆಗೆ ಬಂದ ಮೇಲೆ ಮಕ್ಕಳಿಂದಲೇ ಒಂದು ಹಲಗೆಯ ಮೇಲೆ ಕನ್ನಡದ ಹೆಸರು ಬರೆಸಿ ಗಿಡದ ಬುಡಕ್ಕೆ ಸಿಕ್ಕಿಸಿ. ನಂದಿಬಟ್ಟಲು, ಸ್ಫಟಿಕ, ದೊಡ್ಡಪತ್ರೆ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಅವು ಉಳಿದರೆ ಹಿತ್ತಲಲ್ಲೇ ಉಳಿಯಬೇಕು. ಅದಕ್ಕೂ ಮೊದಲು ಗಿಡ ಉಳಿಯಬೇಕು.

ಮುಂದಿನ ಸಭೆಗೆ ಬರುವ ಸದಸ್ಯರು ತಮ್ಮ ಅಂಗಳದ ಬಿಸಿಲಿನ ಹಾಳೆಯನ್ನು ಜೊತೆಗೆ ತರಬೇಕಾಗಿ ಕೋರುತ್ತೇವೆ. ಅಕ್ಕಪಕ್ಕದ ಮನೆಯವರು ಕೂತು ನೋಡಿದರೆ, ಒಬ್ಬರ ನೆರಳಿಗೆ ಹೆಚ್ಚಾದ ಗಿಡ ಇನ್ನೊಬ್ಬರ ಬಿಸಿಲಿಗೆ ಬೇಕಾಗಿರುತ್ತದೆ. ಕೊಂಡು ತರುವ ಮೊದಲು ಕೊಟ್ಟು ತೆಗೆದುಕೊಳ್ಳೋಣ. ಕನಕಾಂಬರದ ಬೀಜ, ದೊಡ್ಡಪತ್ರೆಯ ಕಡ್ಡಿ, ವೀಳ್ಯದೆಲೆಯ ಬಳ್ಳಿ ಇರುವವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ.

ಇತಿ,
ಕಾರ್ಯದರ್ಶಿ