ನಾಯಿ ಕಳೆದುಹೋದರೆ ಪೋಸ್ಟರ್ ಯಾರಿಗೆ ಬರೀಬೇಕು?

ಇವತ್ತಿನ ವಿಷಯ ಕೇಳೋಕೆ ಸಣ್ಣದು. ಆದರೆ ಮನೇಲಿ ನಾಯಿ ಸಾಕಿದವರಿಗೆ ಸಣ್ಣದಲ್ಲ. ಪಟಾಕಿ ಸದ್ದಿಗೆ ಬೆದರಿ ನಾಯಿ ಗೇಟು ದಾಟಿ ಓಡಿಹೋಯ್ತು ಅಂತ ಇಟ್ಟುಕೊಳ್ಳಿ. ನಾವೆಲ್ಲ ಮೊದಲು ಮಾಡೋದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕೋದು. ಹಾಕಿ, ಬೇಡ ಅನ್ನಲ್ಲ. ಆದರೆ ನಿಮ್ಮ ನಾಯಿಯನ್ನ ನೋಡೋ ಜನ ಆ ಗ್ರೂಪಿನಲ್ಲಿ ಇರೋದು ಕಡಿಮೆ.

ಯಾರು ನೋಡ್ತಾರೆ? ಬೆಳಗಿನ ಜಾವ ಹಾಲು ಹಾಕುವವರು, ಪೇಪರ್ ಹುಡುಗರು, ಕಸದ ಗಾಡಿಯವರು, ಆಚೆ ಬೀದಿಯ ವಾಚ್‌ಮನ್, ಚಹಾ ಅಂಗಡಿಯವರು, ಆಟೋ ಸ್ಟ್ಯಾಂಡಿನವರು, ಬೀದಿನಾಯಿಗಳಿಗೆ ಅನ್ನ ಹಾಕುವ ಅಮ್ಮ. ಪೋಸ್ಟರ್ ಬರೀಬೇಕಾದ್ದು ಇವರಿಗೆ. ನಾನಿರುವ ಹೈದರಾಬಾದಿನಲ್ಲಿ ಐಟಿ ಜನ ಅಂಟಿಸುವ ಪೋಸ್ಟರ್‌ಗಳನ್ನ ನೋಡಿದ್ದೀನಿ. ಹೆಚ್ಚಿನವು ಪೂರ್ತಿ ಇಂಗ್ಲಿಷ್, ಅದೂ ಎರಡು ಪ್ಯಾರಾ. ನಾಯಿಯನ್ನ ಕಣ್ಣಾರೆ ಕಂಡವರೇ ಅದನ್ನ ಓದದೆ ಮುಂದೆ ಹೋಗ್ತಾರೆ.

ಹಾಗಾಗಿ ಮೊದಲನೇ ಮಾತು, ದೊಡ್ಡ ಅಕ್ಷರದ ಸಾಲು ಊರಿನ ಭಾಷೇಲಿ ಇರಲಿ. ಹೈದರಾಬಾದಿನಲ್ಲಿ ‘ಕನಬಡುಟ ಲೇದು’, ಚೆನ್ನೈನಲ್ಲಿ ‘ಕಾಣವಿಲ್ಲೈ’, ಪುಣೆ-ಮುಂಬೈನಲ್ಲಿ ‘ಕುತ್ರಾ ಹರವಲಾ ಆಹೆ’. ಅದನ್ನ ಆಯಾ ಲಿಪಿಯಲ್ಲೇ ಬರೆಸಿ. ಕೆಳಗೆ ಹಿಂದಿ ಒಂದು ಸಾಲು, ಇಂಗ್ಲಿಷ್ ಒಂದು ಸಾಲು ಸಾಕು. ಮರಾಠಿ, ಹಿಂದಿಯಲ್ಲಿ ಹೆಣ್ಣು ನಾಯಿ ಆದರೆ ಪದವೇ ಬದಲಾಗುತ್ತೆ, ‘ಕುತ್ರಿ ಹರವಲಿ ಆಹೆ’ ಅಂತ. ಮೊಬೈಲ್ ಅನುವಾದವನ್ನ ನಂಬಿ ಪ್ರಿಂಟಿಗೆ ಕೊಡಬೇಡಿ. ಪಕ್ಕದ ಮನೆಯವರಿಗೆ ಒಮ್ಮೆ ತೋರಿಸಿ, ಎರಡು ನಿಮಿಷದ ಕೆಲಸ.

ಎರಡನೇದು, ಎಷ್ಟು ಬರೀಬೇಕು? ಅಮೆರಿಕದಲ್ಲಿ ಪೊಲೀಸ್ ಕೆಲಸ ಬಿಟ್ಟು ಕಳೆದುಹೋದ ಸಾಕುಪ್ರಾಣಿಗಳನ್ನ ಹುಡುಕೋಕೆ ಇಳಿದ ಕ್ಯಾಟ್ ಆಲ್‌ಬ್ರೆಕ್ಟ್ ಒಂದು ಸೂತ್ರ ಹೇಳ್ತಾರೆ: 5 ಪದ, 5 ಸೆಕೆಂಡು, ಗಂಟೆಗೆ 55 ಮೈಲಿ. ಅಂದರೆ ಆ ವೇಗದಲ್ಲಿ ಹೋಗುವವರಿಗೆ 5 ಸೆಕೆಂಡಿನಲ್ಲಿ 5 ಪದ ಮಾತ್ರ ತಲುಪುತ್ತೆ. ನಮ್ಮ ರಸ್ತೆಗಳಲ್ಲಿ ಆ ವೇಗ ಇಲ್ಲ, ಆದರೆ ಬೈಕಿನವರ ಕಣ್ಣು ಗುಂಡಿ ಮೇಲಿರುತ್ತೆ, ಪೋಸ್ಟರ್ ಮೇಲಲ್ಲ. ಆದ್ದರಿಂದ ಇಷ್ಟೇ ಇರಲಿ:

ನಾಯಿ ಕಾಣೆಯಾಗಿದೆ
(ಒಂದು ದೊಡ್ಡ ಫೋಟೋ)
ಕಂದು ಬಣ್ಣ, ಬಿಳಿ ಎದೆ, ಕೆಂಪು ಬೆಲ್ಟು
ತಪ್ಪಿಸಿಕೊಂಡ ಜಾಗ, ತಾರೀಖು
ಹಿಡಿಯಬೇಡಿ, ಫೋನ್ ಮಾಡಿ
ಎರಡು ಫೋನ್ ನಂಬರ್

ತಳಿಯ ಹೆಸರು ಬೇಕಿಲ್ಲ. ‘ಬೀಗಲ್’ ಅಂದರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ, ‘ಉದ್ದ ಕಿವಿ, ಮೊಣಕಾಲೆತ್ತರ’ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಫೋಟೋ ಒಂದೇ ಇರಲಿ. ಮುದ್ದಾಗಿ ಮಲಗಿರೋದು ಬೇಡ, ಪಕ್ಕದಿಂದ ಪೂರ್ತಿ ಮೈ ಕಾಣುವಂತೆ ನಿಂತಿರೋದು ಬೇಕು. ರಸ್ತೆಯಲ್ಲಿ ನಾಯಿ ಕಾಣೋದು ಹಾಗೇ ತಾನೆ? ಕಪ್ಪು ನಾಯಿ ಆದರೆ ಕಲರ್ ಪ್ರಿಂಟ್ ತೆಗೆಸಿ, ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಅದು ಬರೀ ಮಸಿ ಕಲೆ ಆಗಿಬಿಡುತ್ತೆ.

‘ಹಿಡಿಯಬೇಡಿ’ ಅನ್ನೋ ಸಾಲನ್ನ ಮಾತ್ರ ಬಿಡಲೇಬೇಡಿ. ಹೆದರಿದ ನಾಯಿಯನ್ನ ಅಪರಿಚಿತರು ಅಟ್ಟಿಸಿಕೊಂಡು ಹೋದರೆ ಅದು ಇನ್ನೂ ದೂರ ಓಡುತ್ತೆ, ಹೈವೇಗೂ ನುಗ್ಗಬಹುದು. ಎಲ್ಲಿದೆ ಅಂತ ತಿಳಿಸಿದರೆ ಸಾಕು, ಕರೆಯೋಕೆ ನೀವು ಹೋಗಿ. ಕನ್ನಡದ ಮನೇಲಿ ಬೆಳೆದ ನಾಯಿಗೆ ‘ಇಲಾ ರಾ’ ಹೊಸದು, ನಿಮ್ಮ ‘ಬಾರೋ’ ಹಳೇದು.

ಈಗ ಫೋನ್ ನಂಬರ್. ಒಂದು ನಿಮ್ಮದು, ಇನ್ನೊಂದು ಊರಿನ ಭಾಷೆ ಸರಾಗವಾಗಿ ಆಡುವ ಸ್ನೇಹಿತರದ್ದು. ಕರೆ ಮಾಡಿದವರಿಗೆ ದಾರಿ ಹೇಳೋಕೆ ಭಾಷೆ ಅಡ್ಡ ಬರಬಾರದು. ಸೇವ್ ಆಗದ ನಂಬರುಗಳನ್ನ ಸೈಲೆಂಟ್ ಮಾಡುವ ಸೆಟ್ಟಿಂಗ್ ಇದ್ದರೆ ಇವತ್ತೇ ತೆಗೀರಿ. ಮೀಟಿಂಗಿನಲ್ಲಿದ್ದಾಗ ಬಂದ ಮಿಸ್ಡ್ ಕಾಲ್‌ಗೆಲ್ಲ ತಿರುಗಿ ಫೋನ್ ಮಾಡಿ.

ಮೋಸದ ಕರೆಗಳೂ ಬರ್ತವೆ. ‘ನಿಮ್ಮ ನಾಯಿ ನನ್ನ ಹತ್ರ ಇದೆ, ಮೊದಲು ದುಡ್ಡು ಕಳಿಸಿ’ ಅಂತಾರೆ. ಅದಕ್ಕೇ ಒಂದು ಗುರುತನ್ನ ಪೋಸ್ಟರಿನಲ್ಲಿ ಬರೀದೆ ಉಳಿಸಿಕೊಳ್ಳಿ: ಕಿವಿಯೊಳಗಿನ ಮಚ್ಚೆ, ಬಾಲದ ತುದಿಯ ಬಿಳಿ, ಹೀಗೆ ಏನಾದರೂ. ಅದು ಫೋಟೋದಲ್ಲೂ ಕಾಣದಂತೆ ನೋಡಿಕೊಳ್ಳಿ. ಕರೆ ಮಾಡಿದವರು ಆ ಗುರುತು ಹೇಳಲಿ, ಇಲ್ಲವೇ ವಿಡಿಯೋ ಕಾಲ್‌ನಲ್ಲಿ ತೋರಿಸಲಿ. ‘ಬಹುಮಾನ ಉಂಟು’ ಅಂತ ಬರೀಬಹುದು, ಮೊತ್ತ ಬೇಡ.

ಎಲ್ಲಿ ಹಾಕೋದು? ಕಂಬ, ಫ್ಲೈಓವರ್ ಗೋಡೆ ಬೇಡ. ಸಾರ್ವಜನಿಕ ಜಾಗ ಅಂದಗೆಡಿಸೋದನ್ನ ತಡೆಯೋಕೆ ಮಹಾರಾಷ್ಟ್ರದಲ್ಲಿ 1995ರ, ದೆಹಲಿಯಲ್ಲಿ 2007ರ ಕಾಯ್ದೆಗಳಿವೆ. ಚಹಾ ಅಂಗಡಿ, ಹಾಲಿನ ಬೂತು, ಕಿರಾಣಿ ಅಂಗಡಿ, ಪಶುವೈದ್ಯರ ಕ್ಲಿನಿಕ್, ಇಲ್ಲೆಲ್ಲ ಕೇಳಿ ಅಂಟಿಸಿ. ಕೇಳುವಾಗ ನಾಲ್ಕು ಮಾತು ಆಡ್ತೀರಲ್ಲ, ಪೋಸ್ಟರಿನ ಅರ್ಧ ಕೆಲಸ ಅಲ್ಲೇ ಆಗುತ್ತೆ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡುವ ಪಾಲಿಕೆಯ ಕೇಂದ್ರಕ್ಕೂ ಒಂದು ಪ್ರತಿ ಕೊಡಿ, ಕೊರಳಲ್ಲಿ ಬೆಲ್ಟಿಲ್ಲದ ನಾಯಿಯನ್ನ ಬೀದಿನಾಯಿ ಅಂತ ಹಿಡಿದುಕೊಂಡು ಹೋಗಿರಬಹುದು. ಪುಣೆಯಲ್ಲಿ ಜೂನ್‌ನಿಂದ, ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಮಳೆ. ಆಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಕೆಳಗೆ ಮಾಡಿ ಅಂಟಿಸಿ, ನೀರು ಒಳಗೆ ಹೋಗಲ್ಲ.

ನಾಯಿ ಸಿಕ್ಕಿದ ಮೇಲೆ ಪೋಸ್ಟರ್ ತೆಗೆದುಬಿಡಿ. ಹಳೇ ಪೋಸ್ಟರ್ ಗೋಡೆ ತುಂಬಿದ್ದರೆ ಮುಂದಿನವರ ಪೋಸ್ಟರ್ ಯಾರೂ ನೋಡಲ್ಲ. ಇನ್ನೊಂದು ಕೆಲಸ ಇವತ್ತೇ ಮಾಡಬಹುದು: ನಿಮ್ಮ ನಾಯಿ ನಿಂತಿರುವ ಒಂದು ಒಳ್ಳೆ ಫೋಟೋ ತೆಗೆದಿಡಿ, ಊರಿನ ಭಾಷೆಯ ಆ ಒಂದು ಸಾಲು ಬರೆಸಿಡಿ. ಅದು ಬೇಕಾಗುವ ದಿನ ಬಾರದೇ ಇರಲಿ. ಬಂದರೆ, ಬರೆಯೋಕೆ ಕೂರುವ ಹೊತ್ತಿನಲ್ಲಿ ನೀವು ಬೀದಿಯಲ್ಲಿರ್ತೀರಿ. ಮತ್ತೆ ಸಿಗೋಣ.