ಕಸಿ ಕಿಡ್ನಿಯ ಆಯಸ್ಸು: ಓಪನಿಂಗ್ ಬ್ಯಾಲೆನ್ಸ್ ಎಷ್ಟು, ಮೊದಲ ವಾರ ಹೇಗೆ?

ಕಡಗಂಚಿಯಿಂದ ಮಾತಾಡ್ತಿದ್ದೀನಿ. ಹೌದು, ಆಳಂದ ರಸ್ತೆಯಲ್ಲಿ ಸೆಂಟ್ರಲ್ ಯೂನಿವರ್ಸಿಟಿ ಇರೋ ಅದೇ ಊರು.

"ಕಿಡ್ನಿ ಕಸಿ ಆಯ್ತಲ್ಲ, ಇನ್ನೇನು ಚಿಂತಿ?" ಅಂತ ಎಷ್ಟೋ ಮನೆಯಲ್ಲಿ ಅಂತಾರೆ. ಆದರೆ ಒಬ್ಬರಿಗೆ ಹಾಕಿದ ಕಿಡ್ನಿ ಇಪ್ಪತ್ತು ವರ್ಷ ನಡೀಬಹುದು, ಇನ್ನೊಬ್ಬರದ್ದು ಐದೇ ವರ್ಷಕ್ಕೆ ನಿಲ್ಲಬಹುದು. ಯಾಕೆ? ಇವತ್ತಿನ ಎಪಿಸೋಡ್ ಅದೇ.

ನಂದು ಬಿ.ಕಾಂ. ಓದಿದ ತಲೆ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಒಂದು ಕಿಡ್ನಿಯಲ್ಲಿ ರಕ್ತ ಸೋಸೋ ಸಣ್ಣ ಜರಡಿಗಳು ಸುಮಾರು 10 ಲಕ್ಷ ಇರ್ತವೆ. ಅವೇ ನೆಫ್ರಾನ್. ಹುಟ್ಟಿದ ಮೇಲೆ ಹೊಸದು ಬೆಳೆಯಲ್ಲ. ವಯಸ್ಸು, ಬಿಪಿ, ಶುಗರ್ ಇವನ್ನ ಕರಗಿಸ್ತಾ ಹೋಗ್ತವೆ. ಅಂದರೆ ಇದು ಡೆಪಾಸಿಟ್ ಇಲ್ಲದ, ಬರೀ ವಿತ್‌ಡ್ರಾ ಇರೋ ಅಕೌಂಟ್. ದಾನಿಯ ಕಿಡ್ನಿಯಲ್ಲಿ ಉಳಿದಿರೋದೇ ನಿಮ್ಮ ಓಪನಿಂಗ್ ಬ್ಯಾಲೆನ್ಸ್.

ಬದುಕಿರೋ ದಾನಿಯನ್ನ, ಅಂದರೆ ತಾಯಿ, ಅಣ್ಣ, ಹೆಂಡತಿ ಯಾರೇ ಇರಲಿ, ಮೊದಲೇ ಪೂರ್ತಿ ಪರೀಕ್ಷೆ ಮಾಡಿರ್ತಾರೆ. ಕಿಡ್ನಿ ದೇಹದ ಹೊರಗಿರೋ ಹೊತ್ತೂ ಕಮ್ಮಿ. ಅದಕ್ಕೇ ಇದು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತೆ.

ಇನ್ನೊಂದು ದಾರಿ, ಮೆದುಳು ಸತ್ತ ಮೇಲೆ ಕುಟುಂಬ ಕೊಡೋ ದಾನ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗದಾನ ಮಾಡಿದ್ದು ನಿಮಗೆ ನೆನಪಿರಬಹುದು. ನಮ್ಮ ರಾಜ್ಯದಲ್ಲಿ ಇಂಥ ಅಂಗಗಳ ಹಂಚಿಕೆ ನೋಡ್ಕೊಳ್ಳೋದು 'ಜೀವಸಾರ್ಥಕತೆ' ಸಂಸ್ಥೆ. ಇಲ್ಲಿ ಡಾಕ್ಟರ್ ನೋಡೋದು ದಾನಿಯ ವಯಸ್ಸು, ಬಿಪಿ-ಶುಗರ್ ಇತ್ತಾ, ಸಾವಿಗೆ ಕಾರಣ ಏನು, ಕ್ರಿಯಾಟಿನಿನ್ ಎಷ್ಟು, ಕಿಡ್ನಿ ಐಸ್‌ನಲ್ಲಿ ಎಷ್ಟು ಗಂಟೆ ಇತ್ತು. ತಲೆಗೆ ಪೆಟ್ಟು ಬಿದ್ದ ಆರೋಗ್ಯವಂತ ಯುವಕನ ಕಿಡ್ನಿಗೂ, ವರ್ಷಗಟ್ಟಲೆ ಬಿಪಿ ಇದ್ದು ಸ್ಟ್ರೋಕ್ ಆದ ಹಿರಿಯರ ಕಿಡ್ನಿಗೂ ಬ್ಯಾಲೆನ್ಸ್ ಒಂದೇ ಇರಲ್ಲ. ಹಂಗಂತ ಎರಡನೇದು ಬೇಡವೇ ಬೇಡ ಅನ್ನೋ ಹಾಗಿಲ್ಲ. ಎಷ್ಟೋ ಜನರಿಗೆ, ಅದರಲ್ಲೂ ವಯಸ್ಸಾದವರಿಗೆ, ಡಯಾಲಿಸಿಸ್‌ನಲ್ಲೇ ಉಳಿಯೋದಕ್ಕಿಂತ ಅದೇ ಮೇಲು.

ಈಗ ಮೊದಲ ದಿನಗಳಿಗೆ ಬರೋಣ. ಕಸಿ ಆದ ಮೊದಲ ವಾರದಲ್ಲೇ ಮತ್ತೆ ಡಯಾಲಿಸಿಸ್ ಬೇಕಾದರೆ, ಕಿಡ್ನಿ ಕೆಲಸ ಶುರು ಮಾಡೋದು ತಡ ಆಗಿದೆ ಅಂತ ಅರ್ಥ. ಹೆದರಬೇಡಿ, ಬಹಳಷ್ಟು ಕಿಡ್ನಿ ಆಮೇಲೆ ಚೇತರಿಸಿಕೊಳ್ತವೆ. ಆದರೆ ಬ್ಯಾಲೆನ್ಸ್‌ಗೆ ಪೆಟ್ಟು ಬಿದ್ದಿರುತ್ತೆ, ದೇಹ ಕಿಡ್ನಿಯನ್ನ ತಿರಸ್ಕರಿಸೋ ಅಪಾಯವೂ ಹೆಚ್ಚುತ್ತೆ. ತಿರಸ್ಕಾರ ತಡೆಯೋಕೆ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಕೊಡ್ತಾರೆ, ಅದರಿಂದ ಸೋಂಕು ಸುಲಭವಾಗಿ ತಗಲುತ್ತೆ. ಹಿಂಗೆ ಒಂದಕ್ಕೊಂದು ಕೊಂಡಿ. ಕಮ್ಮಿ ಬ್ಯಾಲೆನ್ಸ್ ಇರೋ ಕಿಡ್ನಿಗೆ ಈ ಪೆಟ್ಟುಗಳನ್ನ ತಾಳ್ಕೊಳ್ಳೋದು ಇನ್ನೂ ಕಷ್ಟ.

ನಮ್ಮ ಕಡೆಯವರಿಗೆ ಇದು ಯಾಕೆ ಮುಖ್ಯ? ದೊಡ್ಡ ಆಸ್ಪತ್ರೆ ಅಂದರೆ ನಮ್ಮವರು ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಅಂತ ಓಡ್ತಾರೆ. ವಾಪಸ್ ಬಂದ ಮೇಲೆ "ಆರಾಮ ಇದ್ದೀನಲ್ಲ" ಅಂತ ಚೆಕಪ್ ತಪ್ಪಿಸಿಬಿಡ್ತಾರೆ. ಆದರೆ ತಿರಸ್ಕಾರ ಶುರುವಾದಾಗ ನೋವೇ ಇಲ್ಲದಿರಬಹುದು. ಎಷ್ಟೋ ಸಲ ರಕ್ತದಲ್ಲಿ ಕ್ರಿಯಾಟಿನಿನ್ ಏರೋದೇ ಮೊದಲ ಸುಳಿವು. ಆ ಟೆಸ್ಟ್ ಕಲಬುರಗಿಯಲ್ಲೇ ಆಗುತ್ತೆ. ಡಾಕ್ಟರ್ ಹೇಳಿದ ದಿನ ಮಾಡಿಸಿ, ರಿಪೋರ್ಟ್ ಫೋನ್‌ನಲ್ಲೇ ಅವರಿಗೆ ಕಳಿಸಬಹುದಾ ಅಂತ ಡಿಸ್ಚಾರ್ಜ್ ದಿನವೇ ಕೇಳ್ಕೊಳ್ಳಿ. ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಡಾಕ್ಟರ್‌ನ ಕೇಳದೆ ಮೆಡಿಕಲ್‌ನಿಂದ ನೋವಿನ ಗುಳಿಗೆ ತರಬೇಡಿ, ಕೆಲವು ನೇರವಾಗಿ ಕಿಡ್ನಿಗೇ ಹೊಡೀತವೆ.

ಓಪನಿಂಗ್ ಬ್ಯಾಲೆನ್ಸ್ ನಮ್ಮ ಕೈಯಲ್ಲಿಲ್ಲ. ಖರ್ಚು ಕಮ್ಮಿ ಮಾಡೋದು ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಮನೆಯಲ್ಲಿ ಕಸಿ ಆದವರಿದ್ದರೆ ಈ ಎಪಿಸೋಡ್ ಅವರಿಗೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ್ರಿ.